ಸಾಲ ವಸೂಲಿ ಹೆಸರಿನ ಕಳ್ಳ ಫೋನು: ಬ್ಲಾಕ್ ಮಾಡದೆ ನಿಲ್ಲಿಸಿದ್ದು ಹೇಗೆ

ನಂಬರ್ ಬ್ಲಾಕ್ ಮಾಡಿದರೆ ಮುಗೀತು ಅಂತ ನನಗೆ ಹೇಳದವರೇ ಇಲ್ಲ. ಪಕ್ಕದ ಮೊಬೈಲ್ ಅಂಗಡಿಯವರು ಹೇಳಿದರು, ನಮ್ಮ ಭಾವ ಹೇಳಿದರು, ನನ್ನ ಹಾಗೇ ಆನ್‌ಲೈನ್ ಸೆಂಟರ್ ಇಟ್ಟಿರುವ ಗೆಳೆಯರೂ ಹೇಳಿದರು. "ಕಳ್ಳನ ಹತ್ರ ಕಾಗದ ಕೇಳ್ತೀಯಲ್ಲ, ಅವನು ಕೊಡ್ತಾನಾ?" ಅಂತ ಒಬ್ಬರು ನಕ್ಕರು. ಕೊಡಲ್ಲ. ನನಗೆ ಬೇಕಾಗಿದ್ದೂ ಅದೇ. ಈಗ ಅವರೇ ತಮ್ಮ ಗಿರಾಕಿಗಳನ್ನು ನನ್ನ ಅಂಗಡಿಗೆ ಕಳಿಸುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅಂಗಡಿ ತಿಪಟೂರು ಕಡೆ. ಝೆರಾಕ್ಸ್, ಪಹಣಿ, ಪ್ಯಾನ್ ಕಾರ್ಡು, ಆನ್‌ಲೈನ್ ಸೆಂಟರ್ ಇಟ್ಟಿರುವ ನೀವೂ ಮಾಡುವ ಕೆಲಸವೇ. ಒಂದೂವರೆ ಎರಡು ವರ್ಷದಿಂದ ಈ ಫೋನಿನ ಕಾಟ ಹೇಳಿಕೊಂಡು ಬರುವವರು ಜಾಸ್ತಿ. ತೀರಿಸಿದ ಸಾಲ, ಇಲ್ಲವೇ ಯಾವತ್ತೂ ತೆಗೆದುಕೊಳ್ಳದ ಸಾಲ. ಫೋನ್ ಮಾಡಿದವನಿಗೆ ಹೆಸರು ಗೊತ್ತು, ಊರು ಗೊತ್ತು, ಕೆಲವು ಸಲ ಪ್ಯಾನ್ ನಂಬರೂ ಗೊತ್ತು. ಲೀಗಲ್ ಡಿಪಾರ್ಟ್‌ಮೆಂಟ್ ಅನ್ನುತ್ತಾನೆ, ಸಿಂಹದ ಲಾಂಛನ ಹಾಕಿದ ಪಿಡಿಎಫ್ ಕಳಿಸುತ್ತಾನೆ, ಸಂಜೆಯೊಳಗೆ ಕಟ್ಟದಿದ್ದರೆ ಎಫ್‌ಐಆರ್ ಅನ್ನುತ್ತಾನೆ. ನನ್ನ ಹತ್ತಿರ ಬಂದ ಕೇಸುಗಳಲ್ಲಿ ಅರ್ಧಕ್ಕೂ ಜಾಸ್ತಿ ಶುರುವಾಗಿದ್ದು ಎರಡನೇ ಇಲ್ಲವೇ ನಾಲ್ಕನೇ ಶನಿವಾರ. ಬ್ಯಾಂಕ್ ಮುಚ್ಚಿರುತ್ತದೆ, ಹೋಗಿ ಕೇಳೋಣ ಅಂದರೂ ಆಗಲ್ಲ, ಅಲ್ವಾ?

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ. ಬ್ಲಾಕ್ ಮಾಡಿದರೆ ಇನ್ನೊಂದು ನಂಬರಿನಿಂದ ಬರುತ್ತದೆ, ಅದೂ ಆಗದಿದ್ದರೆ ಅತ್ತೆಗೆ, ತಮ್ಮನಿಗೆ, ಕೆಲಸ ಕೊಟ್ಟ ಯಜಮಾನರಿಗೆ ಹೋಗುತ್ತದೆ. ಬೈದರೆ ಇನ್ನೂ ಕಷ್ಟ. ಒಬ್ಬ ಗಿರಾಕಿ ಬೈದ ಮೇಲೆ ಅವರ ಫೋಟೋ ತಿದ್ದಿ ನೆಂಟರಿಗೆಲ್ಲ ವಾಟ್ಸಾಪ್ ಮಾಡಿದರು. ಸಿಮ್ ಬದಲಾಯಿಸಿದವರಿಗೆ ಬ್ಯಾಂಕಿಗೂ ಆಧಾರಿಗೂ ಹೊಸ ನಂಬರ್ ಜೋಡಿಸುವ ತಿರುಗಾಟ ಬೇರೆ.

ಎಲ್ಲಕ್ಕಿಂತ ಕೆಟ್ಟದ್ದು "ಸ್ವಲ್ಪ ಕೊಟ್ಟು ಕಳಿಸೋಣ" ಅನ್ನುವುದು. ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಸೆಟಲ್‌ಮೆಂಟ್ ಅಂತ ನಾಲ್ಕು ಸಾವಿರದ ಹತ್ತಿರ ಹಾಕಿದ. ಮಾರನೇ ದಿನ ಅದಕ್ಕೆ ಜಿಎಸ್‌ಟಿ ಕಟ್ಟು ಅಂದರು. ಆಮೇಲೆ ಎನ್‌ಒಸಿ, ಅಂದರೆ ಸಾಲ ತೀರಿತು ಅನ್ನುವ ಪತ್ರದ ಚಾರ್ಜು. ಒಟ್ಟು ಹನ್ನೊಂದೋ ಹನ್ನೆರಡೋ ಸಾವಿರ ಹೋಯಿತು, ಅವನ ಒಂದು ತಿಂಗಳ ಸಂಬಳ. ನನ್ನ ಹತ್ತಿರ ಬರುವಷ್ಟರಲ್ಲಿ ಎರಡು ಮೂರು ದಿನ ಆಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ಕೊನೆಯಲ್ಲಿ ಹಾಕಿದ ಸ್ವಲ್ಪ ದುಡ್ಡು ಮಾತ್ರ ಕಳ್ಳರ ಕೈಗೆ ಸಿಗದಂತೆ ಹೋಲ್ಡ್ ಆಯಿತು. ದುಡ್ಡು ಹೋದ ತಕ್ಷಣ, ಅಂದರೆ ಗಂಟೆಯೊಳಗೆ, 1930ಕ್ಕೆ ಹೇಳಿದರೆ ಸಿಗುವ ಸಾಧ್ಯತೆ ಬೇರೆಯೇ. ಆ ಹುಡುಗ ಅಂಗಡಿಯಲ್ಲಿ ಕೂತು ಅತ್ತಿದ್ದು ನೋಡಿದ ಮೇಲೆ ನಾನು ಇದನ್ನು ಹಟ ಹಿಡಿದು ಮಾಡೋಕೆ ಶುರು ಮಾಡಿದೆ.

ನನ್ನ ದಾರಿ ಇಷ್ಟೇ: ಬಾಯಿಮಾತು ನಿಲ್ಲಿಸಿ ಎಲ್ಲವನ್ನೂ ಬರವಣಿಗೆಗೆ ಎಳೆಯುವುದು. ಫೋನಿನಲ್ಲಿ ಅವರು ಗೆಲ್ಲುತ್ತಾರೆ, ಅದೇ ಅವರ ಕಸುಬು. ಬರವಣಿಗೆಗೆ ಬಂದರೆ ಅವರ ಹತ್ತಿರ ಏನೂ ಇಲ್ಲ.

ಗಿರಾಕಿ ಬಂದ ಕೂಡಲೇ ನಾನು ಫೋನ್ ಮುಟ್ಟಲ್ಲ. ಮೊದಲು ಕ್ರೆಡಿಟ್ ರಿಪೋರ್ಟ್ ತೆಗೆಯುತ್ತೇನೆ, ಅಂದರೆ ಅವರ ಹೆಸರಲ್ಲಿ ಯಾವ ಸಾಲ ಇದೆ ಅಂತ ತೋರಿಸುವ ಪಟ್ಟಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಒಂದೇ ದಿನ ನಾಲ್ಕೂ ತೆಗೆದು ಖಾಲಿ ಮಾಡಬೇಡಿ. ಮೂರು ತಿಂಗಳಿಗೊಂದು ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗೆ ಆಗುತ್ತದೆ. ದುಡ್ಡು ಕೇಳುವ ಪ್ಲಾನಿನ ಪುಟ ಮಧ್ಯೆ ಬರುತ್ತದೆ, ಅದನ್ನು ದಾಟಿ ಹೋಗಿ. ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ನನಗೆ ಹೈಮಾರ್ಕ್‌ನಲ್ಲೇ ಚೆನ್ನಾಗಿ ಸಿಕ್ಕಿವೆ. ಅದರಲ್ಲಿ ಸಾಲ ಕ್ಲೋಸ್ಡ್ ಅಂತಿದೆಯಾ, ಬಾಕಿ ಇದೆಯಾ, ಸಾಲವೇ ಇಲ್ಲವಾ ನೋಡಿ. ಬಾಕಿ ನಿಜವಾಗಿ ಇರುವವರೂ ಬರುತ್ತಾರೆ. ಅವರಿಗೂ ಇದೇ ದಾರಿ, ಕಟ್ಟುವ ಜಾಗ ಮಾತ್ರ ಸಾಲ ಕೊಟ್ಟ ಶಾಖೆ.

ಆಮೇಲೆ ಒಂದೇ ಒಂದು ಮೆಸೇಜ್. ಹೆಚ್ಚುಕಡಿಮೆ ಹೀಗಿರುತ್ತದೆ: "ಸಾಲ ಕೊಟ್ಟ ಸಂಸ್ಥೆಯ ಹೆಸರು, ಸಾಲದ ಖಾತೆ ಸಂಖ್ಯೆ, ನಿಮ್ಮ ಹೆಸರು, ನಿಮ್ಮನ್ನು ವಸೂಲಿಗೆ ನೇಮಿಸಿದ ಪತ್ರ, ಇಷ್ಟನ್ನೂ ಸಂಸ್ಥೆಯ ಅಧಿಕೃತ ಇಮೇಲಿನಿಂದ ಕಳಿಸಿ. ಬಾಕಿ ಇದ್ದರೆ ಸಂಸ್ಥೆಯ ಶಾಖೆಯಲ್ಲಿ ಸಾಲದ ಖಾತೆಗೇ ಕಟ್ಟುತ್ತೇನೆ. ಇನ್ನು ಮುಂದೆ ಬರವಣಿಗೆಯಲ್ಲಿ ಮಾತ್ರ ಮಾತು." ಕೊನೆಗೆ ಇನ್ನೊಂದು ಸಾಲು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಇದನ್ನು ಆ ಕಡೆಯವರೂ ಓದುತ್ತಾರೆ. ಅಂಗಡಿಗೆ ಬನ್ನಿ, ಹೇಳುತ್ತೇನೆ.

ಮತ್ತೆ ಫೋನ್ ಬಂದರೆ ಎತ್ತುವುದಿಲ್ಲ, ಅದೇ ಮೆಸೇಜ್ ಮತ್ತೆ ಹೋಗುತ್ತದೆ. ಒಂದಕ್ಷರ ಬದಲಿಲ್ಲ. ಹುಟ್ಟಿದ ದಿನಾಂಕ ಹೇಳಬೇಡಿ, ಪ್ಯಾನ್ ಹೇಳಬೇಡಿ, "ಹೌದು, ಸಾಲ ನನ್ನದೇ" ಅಂತಲೂ ಹೇಳಬೇಡಿ. ನಿಜವಾದ ಏಜೆಂಟ್ ಆಗಿದ್ದರೆ ಪತ್ರ ಇದ್ದೇ ಇರುತ್ತದೆ. ಏಜೆಂಟರು ಬೆಳಗ್ಗೆ 8ರ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ 2022ರಲ್ಲೇ ಆರ್‌ಬಿಐ ಹೇಳಿದೆ. ಆದ್ದರಿಂದ ಕಾಲ್ ಬಂದ ಟೈಮ್ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ.

ಅವರು ಯುಪಿಐ ಐಡಿ ಕಳಿಸಿದರೆ ನನಗೆ ಖುಷಿ. ಐಡಿ ಟೈಪ್ ಮಾಡಿದರೆ ಖಾತೆಯವರ ಹೆಸರು ಬರುತ್ತದೆ, ಅಲ್ಲಿಗೆ ನಿಲ್ಲಿಸಿ ಸ್ಕ್ರೀನ್‌ಶಾಟ್. ಪಿನ್ ತನಕ ಹೋಗಬೇಡಿ. ದೊಡ್ಡ ಫೈನಾನ್ಸ್ ಕಂಪನಿ ಅಂದವರ ಐಡಿಗೆ ಯಾವುದೋ ಹುಡುಗನ ಹೆಸರು, ಇಲ್ಲವೇ ಯಾವುದೋ ಟ್ರೇಡರ್ಸ್ ಬಂದಿದ್ದೇ ಜಾಸ್ತಿ. ದೂರು ಕೊಡುವಾಗ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ. ದುಡ್ಡು ಹೋಗಿಲ್ಲ ಅಂದರೆ ಸಂಚಾರ್ ಸಾಥಿ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ, ಅನುಮಾನದ ಕಾಲ್ ತಿಳಿಸುವ ಚಕ್ಷು ವಿಭಾಗದಲ್ಲಿ ನಂಬರ್ ಹಾಕಿ. ಬೆದರಿಕೆ, ತಿದ್ದಿದ ಫೋಟೋ ಇದ್ದರೆ ಸೈಬರ್ ಕ್ರೈಮ್ ಪೋರ್ಟಲ್, ಜೊತೆಗೆ ಠಾಣೆ. ಸಂಸ್ಥೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ಕಸ್ಟಮರ್ ಕೇರ್ ಕೂತಿರುತ್ತವೆ. ಸಾಲದ ಪಾಸ್‌ಬುಕ್ಕಿನಲ್ಲಿರುವ ನಂಬರೇ ಆಗಬೇಕು.

ಎಲ್ಲಕ್ಕಿಂತ ಕೆಲಸ ಮಾಡಿದ್ದು ನೆಂಟರಿಗೆ ಮೊದಲೇ ಹೇಳಿದ್ದು. ಇದಕ್ಕೆ ಗಿರಾಕಿಗಳು ಸುಲಭಕ್ಕೆ ಒಪ್ಪಲ್ಲ. ಮಾನದ ಪ್ರಶ್ನೆ. ಆದರೆ ಕಳ್ಳನ ಕೈಯಲ್ಲಿರುವ ಆಯುಧವೇ ಆ ಮಾನ. "ನನ್ನ ಹೆಸರಲ್ಲಿ ಸಾಲ ಅಂತ ಫೋನ್ ಬಂದರೆ ಮಾತಾಡಬೇಡಿ, ನಂಬರ್ ನನಗೆ ಕಳಿಸಿ" ಅಂತ ಮನೆಯ ಗ್ರೂಪಿಗೆ ನಾವೇ ಹಾಕಿಬಿಟ್ಟರೆ ಅವನಿಗೆ ಹೆದರಿಸಲು ಏನು ಉಳಿಯಿತು? ಹೋದ ವರ್ಷ ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಬಂದಿದ್ದರು. ತೀರಿಸಿದ ಸಂಘದ ಸಾಲಕ್ಕೆ ಫೋನ್ ಮಾಡಿದವರು ಹದಿನೆಂಟು ಸಾವಿರ ಚಿಲ್ಲರೆ ಕೇಳುತ್ತಿದ್ದರು. ಅಕ್ಕ ಕಿವಿಯ ಓಲೆ ಅಡ ಇಡೋಕೆ ಹೊರಟಿದ್ದರು, ಪಾಪ. ರಿಪೋರ್ಟ್ ತೆಗೆದರೆ ಸಾಲ ಕ್ಲೋಸ್ಡ್. "ಅಣ್ಣ, ಗ್ರೂಪಲ್ಲಿ ಹಾಕಿದ್ರೆ ನಾದಿನಿ ಏನಂದ್ಕೋತಾಳೋ" ಅಂದರು. ಒಪ್ಪಿಸೋಕೆ ಅರ್ಧ ದಿನ ಹಿಡಿಯಿತು. ಗ್ರೂಪಿಗೆ ಹಾಕಿದ ಹತ್ತು ನಿಮಿಷದಲ್ಲಿ ನಾದಿನಿಯೇ ಫೋನ್ ಮಾಡಿ, ತನಗೂ ಇಂಥದ್ದೇ ಕಾಲ್ ಬಂದಿತ್ತು ಅಂದಳು. ನಮ್ಮ ಮೆಸೇಜ್ ಮೂರೋ ನಾಲ್ಕೋ ಸಲ ಹೋಯಿತು, ಆಮೇಲೆ ಅವರಿಗೆ ಕಾಲ್ ಬಂದಿಲ್ಲ. ಓಲೆ ಕಿವಿಯಲ್ಲೇ ಇದೆ.

ಮಧ್ಯೆ ನನ್ನದೊಂದು ಪ್ರಯೋಗ. ನಮ್ಮ ವಿವರ ಎಲ್ಲಿಂದ ಹೊರಗೆ ಹೋಗುತ್ತದೆ ನೋಡೋಣ ಅಂತ, "ನಿಮಗೆ ಎಷ್ಟು ಸಾಲ ಸಿಗುತ್ತದೆ" ಅನ್ನುವ ಕೆಲವು ವೆಬ್‌ಸೈಟುಗಳಲ್ಲಿ ನನ್ನ ಹೆಸರಿನ ಇನಿಷಿಯಲ್ ಬೇರೆಬೇರೆ ಹಾಕಿದೆ. ಅದಕ್ಕೆಂದೇ ಬೇರೆ ಸಿಮ್, ಇನ್ನೂರು ರೂಪಾಯಿ ಚಿಲ್ಲರೆ ರೀಚಾರ್ಜು, ಮೂರು ಸಾವಿರದ ಹಳೇ ಫೋನು. ಪ್ಯಾನ್ ಎಲ್ಲೂ ಕೊಟ್ಟಿಲ್ಲ. ಎರಡು ವಾರದ ಆಸುಪಾಸಿನಲ್ಲಿ ಕಾಲ್ ಶುರುವಾಯಿತು, ಅದೂ ಒಂದೇ ಇನಿಷಿಯಲ್ ಹೇಳಿ ಕರೆದರು. ಎಲ್ಲಿಂದ ಹೋಯಿತು ಅಂತ ಗೊತ್ತಾಯಿತು. ಆಮೇಲೆ ಯಾವ ಗಿರಾಕಿಗೂ ಅಂಥ ಫಾರ್ಮ್ ತುಂಬಿಕೊಟ್ಟಿಲ್ಲ, ಅದರಿಂದ ತಿಂಗಳಿಗೆ ಬರುತ್ತಿದ್ದ ಐನೂರು ಆರುನೂರು ಹೋದರೂ ಪರವಾಗಿಲ್ಲ.

ನಿಜವಾದ ಸಾಲದಲ್ಲೂ ಕಿರುಕುಳ ಇದ್ದರೆ ಸುಮ್ನೆ ಸಹಿಸಬೇಡಿ ಅಂತ ಗಿರಾಕಿಗಳಿಗೆ ಹೇಳಿ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆ ಆಯಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬ್ಯಾಂಕು, ಫೈನಾನ್ಸ್ ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ಹೋಗಬಹುದು.

ನಾನು ತೆಗೆದುಕೊಳ್ಳುವುದು ರಿಪೋರ್ಟ್ ಪ್ರಿಂಟಿಗೆ ಐವತ್ತು ರೂಪಾಯಿ, ಮೆಸೇಜಿಗೆ ಏನೂ ಇಲ್ಲ. ಕೀಪ್ಯಾಡ್ ಫೋನಿನ ಅಜ್ಜಂದಿರ ವಿಷಯದಲ್ಲಿ ಮಾತ್ರ ಇನ್ನೂ ಪೂರ್ತಿ ಗೆದ್ದಿಲ್ಲ. ಅವರ ಫೋನಿನಲ್ಲಿ ಎಸ್‌ಎಂಎಸ್ ಟೆಂಪ್ಲೇಟ್ ಹಾಕಿಕೊಟ್ಟು ನೋಡುತ್ತಿದ್ದೇನೆ. ಕೆಲವರಿಗೆ ಆಗುತ್ತದೆ, ಕೆಲವರು ಫೋನ್ ಎತ್ತಿ ಊರಿನ ಕಷ್ಟಸುಖವನ್ನೆಲ್ಲ ಹೇಳಿಬಿಡುತ್ತಾರೆ. ಬೇರೆ ಉಪಾಯ ಯಾರಿಗಾದರೂ ಫಲ ಕೊಟ್ಟಿದ್ದರೆ ತಿಳಿಸಿ.