ಎರಡು ಗಡ್ಡೆಯಲ್ಲಿ ಚಿಕ್ಕದನ್ನು ತೆಗೆದೆ, ದೊಡ್ಡದನ್ನು ಬಿಟ್ಟೆ

ಟ್ಯೂಮರ್ ಬೋರ್ಡ್‌ನಲ್ಲಿ (ಕ್ಯಾನ್ಸರ್ ಚಿಕಿತ್ಸೆ ಏನೆಂದು ಡಾಕ್ಟರುಗಳು ಕೂತು ಚರ್ಚಿಸುವ ಸಭೆ) ನನ್ನ ಮಾತು ಯಾರಿಗೂ ಹಿಡಿಸಿರಲಿಲ್ಲ. ಆಪರೇಷನ್ ಆಗಿ ಎರಡು ವರ್ಷದ ಮೇಲಾಯ್ತು. ರೋಗಿ ಆರಾಮಾಗಿ ಅಂಗಡಿ ನಡೆಸುತ್ತಿದ್ದಾರೆ. ಇನ್ನು ಬರೆಯಬಹುದು.

ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ತಲೆಯಲ್ಲಿ ಸುಮಾರು 4 ಸೆಂ.ಮೀ. ಸಿಸ್ಟ್, ಅಂದರೆ ದ್ರವ ತುಂಬಿದ ಗಡ್ಡೆ. ಒಳಗೆಲ್ಲಾ ಜೇನುಗೂಡು, ನಡುವೆ ಸುಣ್ಣಗಟ್ಟಿದ ಕಲೆ. ಸೀರಸ್ ಸಿಸ್ಟಡಿನೋಮಾ (ಸಾಮಾನ್ಯವಾಗಿ ಅಪಾಯವಿಲ್ಲದ ಸಿಸ್ಟ್) ಎಂದು ಬರೆದು ಹೊರಗಿನ ಸಿಟಿ ರಿಪೋರ್ಟ್ ಮುಗಿದಿತ್ತು. ನನಗೆ ಕಾಟ ಕೊಟ್ಟಿದ್ದು ಡಕ್ಟ್, ಪ್ಯಾಂಕ್ರಿಯಾಸ್‌ನ ಜೀರ್ಣರಸ ಹರಿಯುವ ನಾಳ. ಸಿಸ್ಟ್ ಪಕ್ಕದಲ್ಲೇ ಮಾಮೂಲು ಅಗಲ, ಬಾಲದಲ್ಲಿ ಮಾತ್ರ ಊದಿದೆ. ಸಿಸ್ಟ್ ಒತ್ತಿದ್ದರೆ ಅಲ್ಲಿಂದ ಬಾಲದವರೆಗೆ ಪೂರ್ತಿ ಊದಬೇಕಿತ್ತು, ಅಲ್ವಾ? ಆ ಸ್ಕ್ಯಾನ್‌ನಲ್ಲಿ ಪೋರ್ಟಲ್ ವೀನಸ್ ಫೇಸ್ (ಕಾಂಟ್ರಾಸ್ಟ್ ಕೊಟ್ಟು ಸ್ವಲ್ಪ ತಡವಾಗಿ ತೆಗೆದ ಚಿತ್ರ) ಒಂದೇ ಇತ್ತು. ಮತ್ತೆ ಸಿಟಿ ಎಂದಾಗ ಮನೆಯವರು ಮುಖ ಸಿಂಡರಿಸಿದರು. ಆರೇಳು ಸಾವಿರ ಅವರಿಗೆ ಸುಮ್ನೆ ಬರೋದಲ್ಲ. ಹೇಗೋ ಒಪ್ಪಿಸಿದೆ. ಅದಕ್ಕಿಂತ ಬೇಗ ತೆಗೆಯುವ ಪ್ಯಾಂಕ್ರಿಯಾಟಿಕ್ ಫೇಸ್‌ನಲ್ಲಿ ಬಾಡಿಯಲ್ಲೊಂದು (ಪ್ಯಾಂಕ್ರಿಯಾಸ್‌ನ ನಡುಭಾಗ) ಮಂಕು ಗಡ್ಡೆ ಕಂಡಿತು, 2 ಸೆಂ.ಮೀ.ಗೂ ಕಡಿಮೆ. ರಕ್ತದಲ್ಲಿ ನೋಡುವ ಕ್ಯಾನ್ಸರ್ ಗುರುತು ಸಿಎ 19-9 ನಾರ್ಮಲ್. ಲೂಯಿಸ್ ಎಂಬ ರಕ್ತದ ಗುಂಪು ನೆಗೆಟಿವ್ ಇದ್ದವರಲ್ಲಿ ಅದು ಸಾಮಾನ್ಯವಾಗಿ ಏರೋದೇ ಇಲ್ಲ, ಹಾಗಾಗಿ ಅದನ್ನು ಬದಿಗಿಟ್ಟೆ.

ಇಯುಎಸ್‌ನಲ್ಲಿ (ಬಾಯಿಯಿಂದ ಇಳಿಸುವ ಎಂಡೋಸ್ಕೋಪಿನ ಅಲ್ಟ್ರಾಸೌಂಡ್) ಮೊದಲು ಸಿಸ್ಟ್‌ಗೆ ಚುಚ್ಚಿದೆ, ಆಮೇಲೆ ಬೇರೆ ಸೂಜಿಯಿಂದ ಗಡ್ಡೆಗೆ. ಕ್ಯಾನ್ಸರ್‌ಗೆ ಚುಚ್ಚಿದ ಸೂಜಿ ಸಿಸ್ಟ್‌ಗೆ ಹೋಗಬಾರದು. ಗಡ್ಡೆಯ ಎಫ್‌ಎನ್‌ಎಯಲ್ಲಿ (ಸೂಜಿಯಿಂದ ಜೀವಕೋಶ ಹೀರುವುದು) ಬರೀ ರಕ್ತ ಬಂತು. ಇನ್ನೊಂದು ದಿನ ತುಣುಕನ್ನೇ ತೆಗೆಯುವ ಎಫ್‌ಎನ್‌ಬಿ ಸೂಜಿ ಹಾಕಿದಾಗ ಅಡಿನೋಕಾರ್ಸಿನೋಮಾ, ಅಂದರೆ ಕ್ಯಾನ್ಸರ್, ಸಿಕ್ಕಿತು. ಆ ಸೂಜಿಯ ಬೆಲೆ ಕೇಳಬೇಡಿ. ಕೈಯನ್ನು ಹೇಗೆ ಆಡಿಸುತ್ತೇನೆ ಎನ್ನುವುದನ್ನೂ ಇಲ್ಲಿ ಬರೆಯಲ್ಲ, ಬಂದು ನೋಡಿ.

ಟೋಟಲ್ ಪ್ಯಾಂಕ್ರಿಯಾಟೆಕ್ಟಮಿ ಮಾಡಿ, ಪ್ಯಾಂಕ್ರಿಯಾಸ್ ಪೂರ್ತಿ ತೆಗೆಯಿರಿ ಎಂದರು ಬೋರ್ಡ್‌ನವರು. ಜೀವನಪೂರ್ತಿ ಇನ್ಸುಲಿನ್, ಸ್ಟ್ರಿಪ್, ಎನ್‌ಜೈಮ್ ಕ್ಯಾಪ್ಸೂಲ್: ತಿಂಗಳಿಗೆ ಏನಿಲ್ಲವೆಂದರೂ ಎಂಟು ಹತ್ತು ಸಾವಿರ. ಕ್ಯಾನ್ಸರ್ ಆಗುವುದೇ ಅಪರೂಪವಾದ ಸಿಸ್ಟ್‌ಗಾಗಿ ಇಷ್ಟೆಲ್ಲಾ ಯಾಕೆ? ತಲೆಯ ಡಕ್ಟ್ ಸರಾಗವಾಗಿದೆ, ಕತ್ತರಿಸಿ ಉಳಿದ ತುದಿಯ ಮೇಲೆ ಒತ್ತಡ ಬೀಳಲ್ಲ ಎಂದು ವಾದಿಸಿದೆ. ಲಸಿಕೆಗಳನ್ನು ಎರಡು ವಾರ ಮುಂಚೆ ಕೊಟ್ಟು, ಸ್ಪ್ಲೀನ್ (ಗುಲ್ಮ) ಸಮೇತ ಡಿಸ್ಟಲ್ ಮಾಡಿದೆ, ಅಂದರೆ ಗಡ್ಡೆಯಿದ್ದ ಬಾಡಿ, ಬಾಲ ತೆಗೆದು ತಲೆ ಬಿಟ್ಟೆ. ಆಪರೇಷನ್ ನಡುವೆಯೇ ಮಾಡುವ ಫ್ರೋಜನ್ ಪರೀಕ್ಷೆಯಲ್ಲಿ ಮಾರ್ಜಿನ್ ಕ್ಲಿಯರ್, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಮೂರನೇ ದಿನ ಡ್ರೈನ್ (ಹೊಟ್ಟೆಯಲ್ಲಿಟ್ಟ ನಳಿಕೆ) ದ್ರವದಲ್ಲಿ ಅಮೈಲೇಸ್ ಏರಿತು, ಅಂದರೆ ತುದಿಯಿಂದ ಜೀರ್ಣರಸ ಸೋರುತ್ತಿತ್ತು. ‘ನಾವು ಹೇಳಿರಲಿಲ್ವಾ’ ಎನ್ನುವವರು ಹೊರಟೇ ಬಂದರು. ಡ್ರೈನ್ ತೆಗೆಯದೆ ಕಾದೆ, ತಾನಾಗಿ ನಿಂತಿತು. ಆಮೇಲೆ ಆರು ತಿಂಗಳು ಕೀಮೋ. ಸಿಸ್ಟ್‌ಗೆ ವರ್ಷಕ್ಕೊಂದು ಎಂಆರ್‌ಐ, ಇನ್ನೂ ಅಷ್ಟೇ ಇದೆ. ಇನ್ಸುಲಿನ್ ಬೇಕಾಗಿಲ್ಲ.

ಇನ್ನೊಂದು ಪ್ರಯೋಗ. ಸಿಸ್ಟ್‌ನಿಂದ ಬಂದಿದ್ದು ನಾಲ್ಕೈದು ಹನಿ, ಮ್ಯೂಸಿನಸ್ (ಲೋಳೆ ತುಂಬಿದ, ಕ್ಯಾನ್ಸರ್ ಆಗಬಹುದಾದ) ಸಿಸ್ಟ್ ಗುರುತಿಸುವ ಸಿಇಎ ಪರೀಕ್ಷೆಗೆ ಸಾಲದು ಎಂದು ಲ್ಯಾಬ್ ವಾಪಸ್ ಕಳಿಸಿತು. ಒಂದು ಹನಿಯನ್ನು ವಾರ್ಡಿನ ಗ್ಲುಕೋಮೀಟರ್‌ಗೆ ಹಾಕಿದೆ. ಗ್ಲುಕೋಸ್ ತೊಂಬತ್ತರ ಆಸುಪಾಸು ತೋರಿಸಿತು. 50ಕ್ಕಿಂತ ಕೆಳಗಿದ್ದರೆ ಮ್ಯೂಸಿನಸ್ ಎಂದು ಅನುಮಾನಿಸಬೇಕು. ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿ, ಈಗ ಎಲ್ಲಾ ಸಿಸ್ಟ್‌ಗೂ ಮಾಡುತ್ತೇನೆ. ರಕ್ತ ಬೆರೆತು ಹನಿ ಕೆಂಪಗಿದ್ದರೆ ಮಾತ್ರ ಆ ನಂಬರ್ ಲೆಕ್ಕಕ್ಕಿಲ್ಲ.