ಒಂದೇ ಜೋಡಿ ಸ್ಪೀಕರ್, ಎರಡು ಕೆಲಸ: ಹೋಮ್ ಥಿಯೇಟರಿಗೆ ಸ್ಟೀರಿಯೊ ಪ್ರೀಆಂಪ್ ಸೇರಿಸುವುದು ಹೇಗೆ?

ಹಾಲ್‌ನಲ್ಲಿ ಹೋಮ್ ಥಿಯೇಟರ್ ಆಗಲೇ ಇದೆ. ಎಲ್‌ಪಿ ಕೇಳುವ ಆಸೆಗೆ ಸ್ಟೀರಿಯೊ ಪ್ರೀಆಂಪ್ (ಹಾಡಿನ ಮೂಲ ಆರಿಸಿ ವಾಲ್ಯೂಮ್ ಹೊಂದಿಸುವ ಡಬ್ಬಿ), ಪವರ್ ಆಂಪ್ (ಸ್ಪೀಕರಿಗೆ ಬಲ ಕೊಡುವ ಡಬ್ಬಿ) ಎರಡೂ ಮನೆಗೆ ಬಂದಿವೆ. ಇನ್ನೊಂದು ಜೋಡಿ ಸ್ಪೀಕರ್ ಇಡಲು ಜಾಗ ಎಲ್ಲಿದೆ? ಆಗ ಬಹಳ ಮಂದಿ ಹೋಮ್ ಥಿಯೇಟರಿನ ಸ್ಪೀಕರುಗಳನ್ನೆಲ್ಲ ಓಡಿಸುವ ರಿಸೀವರಿನ ತಂತಿಯನ್ನೂ ಪವರ್ ಆಂಪಿನ ತಂತಿಯನ್ನೂ ತಂದು ಒಂದೇ ಸ್ಪೀಕರಿಗೆ ಬಿಗಿದುಬಿಡುತ್ತಾರೆ. ಒಮ್ಮೆಗೆ ಒಂದನ್ನೇ ಆನ್ ಮಾಡುತ್ತೇವಲ್ಲ ಎಂಬುದು ಅವರ ಧೈರ್ಯ. ಆದರೆ ಆನ್ ಇರುವ ಆಂಪಿನ ಕರೆಂಟು ಆಫ್ ಆಗಿರುವುದರ ಔಟ್‌ಪುಟ್ಟಿಗೆ ಹಿಮ್ಮುಖವಾಗಿ ನುಗ್ಗುತ್ತದೆ. ಎರಡರಲ್ಲಿ ಒಂದಾದರೂ ಸುಡಬಹುದು. ರಿಸೀವರಿನ ಸ್ಪೀಕರ್ ಔಟ್‌ಪುಟ್ಟನ್ನು ಪ್ರೀಆಂಪಿನ ಲೈನ್ ಇನ್‌ಪುಟ್ಟಿಗೆ ಕೊಡುವುದೂ ಅಂಥದ್ದೇ. 8 ಓಮ್ ಸ್ಪೀಕರಿಗೆ 100 ವಾಟ್ ಹೋಗುವಾಗ ಆ ತಂತಿಯಲ್ಲಿ ಸುಮಾರು 28 ವೋಲ್ಟ್ ಇರುತ್ತದೆ, ಲೈನ್ ಇನ್‌ಪುಟ್ ನಿರೀಕ್ಷಿಸುವುದು ಒಂದೆರಡು ವೋಲ್ಟ್.

ಸರಿಯಾದ ದಾರಿ ಇದು: ರಿಸೀವರಿನಿಂದ ಹೊರಗಿನ ಆಂಪಿಗೆ ಸಣ್ಣ ಸಿಗ್ನಲ್ ಕೊಡುವ ಫ್ರಂಟ್ ಪ್ರೀ-ಔಟ್‌ನಿಂದ ಪ್ರೀಆಂಪಿಗೆ, ಅಲ್ಲಿಂದ ಪವರ್ ಆಂಪಿಗೆ, ಅಲ್ಲಿಂದ ಮುಂದಿನ ಎಡ–ಬಲ ಸ್ಪೀಕರುಗಳಿಗೆ. ಸೆಂಟರ್, ಸರೌಂಡ್, ಸಬ್‌ವೂಫರ್ ಮೊದಲಿನಂತೆ ರಿಸೀವರಿನಲ್ಲೇ ಇರಲಿ.

ಹಂತ 1: ರಿಸೀವರಿನ ಬೆನ್ನು ನೋಡಿ

‘ಪ್ರೀ-ಔಟ್, ಫ್ರಂಟ್ ಎಲ್/ಆರ್’ ಎಂದು ಬರೆದ ಎರಡು ಆರ್‌ಸಿಎ ಸಾಕೆಟ್ (ದುಂಡಗಿನ ಆಡಿಯೊ ಸಾಕೆಟ್) ಇರಲೇಬೇಕು. ಸಬ್‌ವೂಫರ್ ಪ್ರೀ-ಔಟ್ ಒಂದೇ ಇದ್ದರೆ ಸಾಲದು, ಇನ್ನೊಂದು ಕೋಣೆಗೆಂದು ಇರುವ ‘ಝೋನ್ 2’ ಔಟ್ ಇದಕ್ಕೆ ಒದಗುವುದಿಲ್ಲ. ಡೆನಾನ್ ಎವಿಆರ್-ಎಕ್ಸ್3800ಎಚ್ ದರ್ಜೆಯ ಮಾದರಿಗಳಲ್ಲಿ ಎಲ್ಲ ಚಾನೆಲ್ಲಿಗೂ ಪ್ರೀ-ಔಟ್ ಇರುತ್ತದೆ. ಅಗ್ಗದ ರಿಸೀವರುಗಳಲ್ಲಿ ಕಂಪನಿಗಳು ಮೊದಲು ಕತ್ತರಿಸುವುದೇ ಇದನ್ನು. ಇಲ್ಲದಿದ್ದರೆ ಕಾರ್ ಸ್ಟೀರಿಯೊ ಅಂಗಡಿಯವರು ಮಾರುವ ಪುಟ್ಟ ಹೈ-ಲೋ ಕನ್ವರ್ಟರ್ (ಸ್ಪೀಕರ್ ಔಟ್‌ಪುಟ್ಟನ್ನು ಲೈನ್ ಮಟ್ಟಕ್ಕೆ ಇಳಿಸುವ) ಡಬ್ಬಿಯ ಮೊರೆ ಹೋಗಬೇಡಿ. ಗುಂಯ್‌ಗುಡುವುದು ಒಂದು, ಬಾಸ್ ಸೊರಗುವುದು ಇನ್ನೊಂದು. ಆ ದುಡ್ಡನ್ನು ಮುಂದಿನ ರಿಸೀವರಿಗೆ ಕೂಡಿಡಿ.

ಹಂತ 2: ಕೇಬಲ್

ಒಂದೂವರೆ ಮೀಟರ್ ಒಳಗಿನ, ಶೀಲ್ಡ್ ಇರುವ ಆರ್‌ಸಿಎ ಜೋಡಿ ಎರಡು ಸಾಕು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಒಳ್ಳೆಯ ಕೇಬಲ್ಲಿಗೂ ಸಾವಿರಾರು ರೂಪಾಯಿಯದ್ದಕ್ಕೂ ಇಷ್ಟು ಉದ್ದದಲ್ಲಿ ಕಿವಿಗೆ ವ್ಯತ್ಯಾಸ ಸಿಗದು. ಪಿನ್ ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರುತ್ತದೆಯೇ ಎಂದಷ್ಟೇ ನೋಡಿ ಕೊಳ್ಳಿ.

ಹಂತ 3: ಪ್ರೀಆಂಪಿನ ಯಾವ ಸಾಕೆಟ್ಟಿಗೆ?

ಜನ ಎಡವುವುದು ಇಲ್ಲಿ. ರಿಸೀವರಿನಲ್ಲಿ ಒಂದು ವಾಲ್ಯೂಮ್, ಪ್ರೀಆಂಪಿನಲ್ಲಿ ಇನ್ನೊಂದು. ಸಿನಿಮಾ ಓಡುವಾಗ ಎರಡೂ ಕೆಲಸ ಮಾಡುತ್ತಿದ್ದರೆ ಮುಂದಿನ ಸ್ಪೀಕರುಗಳ ದನಿ ಎರಡು ಕಡೆ ಏರಿಳಿಯುತ್ತದೆ, ಸೆಂಟರ್ ಮತ್ತು ಸರೌಂಡಿನದು ಒಂದೇ ಕಡೆ. ಹಾಗಾಗಿ ಸಂಭಾಷಣೆ ಒಂದು ಮಟ್ಟದಲ್ಲಿ, ಹಿನ್ನೆಲೆ ಸಂಗೀತ ಮತ್ತೊಂದು ಮಟ್ಟದಲ್ಲಿ.

ಇದಕ್ಕೆಂದೇ ಕೆಲವು ಪ್ರೀಆಂಪುಗಳಲ್ಲಿ ‘ಎಚ್‌ಟಿ (ಹೋಮ್ ಥಿಯೇಟರ್) ಬೈಪಾಸ್’ ಇನ್‌ಪುಟ್ ಇರುತ್ತದೆ. ಕಂಪನಿ ಬದಲಾದಂತೆ ‘ಪ್ರೊಸೆಸರ್’, ‘ಯೂನಿಟಿ ಗೇನ್’ ಎಂದೂ ಹೆಸರು ಬದಲಾಗುತ್ತದೆ. ಯಮಾಹಾ ಎ-ಎಸ್1200 ಥರದ ಇಂಟಿಗ್ರೇಟೆಡ್ ಆಂಪಿನಲ್ಲಿ (ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಡಬ್ಬಿಯಲ್ಲಿ) ‘ಮೇನ್ ಇನ್’ ಈ ಕೆಲಸ ಮಾಡುತ್ತದೆ. ಅದನ್ನು ಆರಿಸಿದಾಗ ಒಳಗಿನ ವಾಲ್ಯೂಮ್ ಬದಿಗೆ ಸರಿದು ಸಿಗ್ನಲ್ ಏರದೆ ಇಳಿಯದೆ ಮುಂದಕ್ಕೆ ಹೋಗುತ್ತದೆ. ನಾಬ್ ತಿರುಗಿಸಿ ನೋಡಿ: ದನಿ ಬದಲಾಗಬಾರದು. ಬದಲಾದರೆ ಅದು ಬೈಪಾಸ್ ಅಲ್ಲ, ಅಥವಾ ಮೆನುವಿನಲ್ಲಿ ಅದನ್ನು ಆನ್ ಮಾಡಿಲ್ಲ.

ಈ ಸಾಕೆಟ್ಟಿಗೆ ಸಿಡಿ ಪ್ಲೇಯರನ್ನಾಗಲಿ ಫೋನಿನ ಡಾಕ್‌ ಅನ್ನಾಗಲಿ ಯಾವತ್ತೂ ಸಿಕ್ಕಿಸಬೇಡಿ. ವಾಲ್ಯೂಮ್ ತಡೆ ಇಲ್ಲದ್ದರಿಂದ ಪೂರಾ 2 ವೋಲ್ಟ್ ನೇರ ಪವರ್ ಆಂಪಿಗೆ ಹೋಗುತ್ತದೆ. ಮೊದಲು ಸುಡುವುದು ಸ್ಪೀಕರಿನೊಳಗೆ ತೀಕ್ಷ್ಣ ದನಿ ಹೊರಡಿಸುವ ಟ್ವೀಟರ್. ಸಾಕೆಟ್ ಪಕ್ಕ ಟೇಪ್ ಅಂಟಿಸಿ ‘ರಿಸೀವರ್ ಮಾತ್ರ’ ಎಂದು ಬರೆದಿಡಿ.

ಬೈಪಾಸ್ ಇಲ್ಲದಿದ್ದರೆ? ಆಕ್ಸ್ ಇನ್‌ಪುಟ್ಟನ್ನೇ ಬಳಸಿ, ಪ್ರೀಆಂಪಿನ ವಾಲ್ಯೂಮಿಗೆ ಒಂದು ಸ್ಥಿರ ಗುರುತು ಮಾಡಬೇಕು. ಬ್ಯಾಲೆನ್ಸ್ ಮಧ್ಯಕ್ಕೆ ತನ್ನಿ, ಬಾಸ್–ಟ್ರೆಬಲ್, ಲೌಡ್‌ನೆಸ್ ಬಟನ್ ಎಲ್ಲ ಆಫ್ ಮಾಡಿ. ರಿಸೀವರಿನ ಚಾನೆಲ್ ಲೆವೆಲ್‌ಗಳನ್ನು ಸೊನ್ನೆಗೆ ತಂದು ಅದರ ಟೆಸ್ಟ್ ಟೋನ್ ಹಾಕಿ. ಮೊದಲು ಸೆಂಟರ್; ಕೂರುವ ಜಾಗದಲ್ಲಿ ಫೋನಿನ ಡೆಸಿಬೆಲ್ ಆ್ಯಪ್ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ. ಆ್ಯಪ್ ನಿಖರವಾಗಿರಬೇಕಿಲ್ಲ, ಎರಡನ್ನು ಹೋಲಿಸಿದರೆ ಸಾಕು. ಈಗ ಪ್ರೀಆಂಪಿನ ನಾಬ್ ಪೂರ್ತಿ ಇಳಿಸಿ, ಟೋನನ್ನು ಮುಂದಿನ ಎಡ ಸ್ಪೀಕರಿಗೆ ಬದಲಿಸಿ, ಅದೇ ಅಂಕಿ ಬರುವವರೆಗೆ ನಿಧಾನ ಏರಿಸಿ. ನಾಬ್ ಪಕ್ಕ ಸಣ್ಣ ಚುಕ್ಕೆ ಇಡಿ. ಡಿಜಿಟಲ್ ಡಿಸ್‌ಪ್ಲೇ ಇದ್ದರೆ ಸಂಖ್ಯೆ ಬರೆದುಕೊಳ್ಳಿ. ಸಿನಿಮಾ ಹಾಕುವ ಮುನ್ನ ಪ್ರತಿ ಸಲ ನಾಬ್ ಅಲ್ಲಿಗೆ ಬರಬೇಕು. ಮನೆಯವರೆಲ್ಲ ಬಳಸುವ ಸಿಸ್ಟಮ್ ಆದರೆ ಈ ಶಿಸ್ತು ಒಂದು ವಾರವೂ ಉಳಿಯದು. ಬೈಪಾಸ್ ಇರುವ ಪ್ರೀಆಂಪನ್ನೇ ಕೊಳ್ಳಿ.

ಪ್ರೀಆಂಪಿನಲ್ಲಿ ರೆಕಾರ್ಡಿಂಗಿಗೆಂದು ಇರುವ ಟೇಪ್ ಔಟ್‌ನಿಂದ ರಿಸೀವರಿಗೆ ಒಂದು ಕೇಬಲ್ ಹಾಕಿ ಎಲ್‌ಪಿಯನ್ನು ಸರೌಂಡಿನಲ್ಲೂ ಕೇಳೋಣ ಎಂದುಕೊಳ್ಳುವವರಿದ್ದಾರೆ. ರಿಸೀವರಿನ ದನಿ ಪ್ರೀಆಂಪಿಗೆ ಬಂದು, ಟೇಪ್ ಔಟ್ ಮೂಲಕ ಮತ್ತೆ ರಿಸೀವರಿಗೇ ಹೋದರೆ ಸುತ್ತು ಪೂರ್ತಿಯಾಗಿ ಕೂಗು ಏಳುತ್ತದೆ. ಆ ಕೇಬಲ್ ಬೇಡವೇ ಬೇಡ.

ಹಂತ 4: ಮತ್ತೆ ಕ್ಯಾಲಿಬ್ರೇಶನ್

ಎಲ್ಲ ಜೋಡಿಸಿದ ಮೇಲೆ, ಪ್ರೀಆಂಪ್ ಬೈಪಾಸಿನಲ್ಲಿ ಅಥವಾ ಗುರುತಿನಲ್ಲಿ ಇರುವಾಗಲೇ ರಿಸೀವರಿನ ಮೈಕ್ ಇಟ್ಟು ಆಟೊ ಸೆಟಪ್ ಮೊದಲಿನಿಂದ ಓಡಿಸಿ. ಹಳೆಯ ಅಳತೆ ಈಗ ಉಪಯೋಗವಿಲ್ಲ, ಯಾಕೆಂದರೆ ಮುಂದಿನ ಸ್ಪೀಕರುಗಳನ್ನು ಓಡಿಸುತ್ತಿರುವ ಆಂಪೇ ಬೇರೆ. ಮೈಕ್ ಸೋಫಾದ ಮೇಲಲ್ಲ, ಸ್ಟ್ಯಾಂಡಿನಲ್ಲಿ, ಕಿವಿಯ ಎತ್ತರಕ್ಕೆ. ಮುಗಿದ ಮೇಲೆ ಫ್ರಂಟ್ ಲೆವೆಲ್ −12 ಡೆಸಿಬೆಲ್‌ಗೆ ಹೋಗಿ ನಿಂತಿದ್ದರೆ ಪವರ್ ಆಂಪಿನ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ವಿಪರೀತ ಎಂದರ್ಥ. ಗೇನ್ ಸ್ವಿಚ್ ಇದ್ದರೆ ಇಳಿಸಿ ಮತ್ತೆ ಓಡಿಸಿ. ರಿಸೀವರ್ ಫ್ರಂಟನ್ನು ‘ಲಾರ್ಜ್’ ಎಂದು ತೋರಿಸಿದರೆ ‘ಸ್ಮಾಲ್’ ಮಾಡಿ ಕ್ರಾಸೋವರ್ (ಯಾವ ಮಟ್ಟದ ಕೆಳಗಿನ ಬಾಸ್ ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಸಿಗೆ ಇಡಿ.

ಎರಡು ಫ್ರಂಟ್ ಸ್ಪೀಕರಿಗೂ ಫೇಸ್ ತಪ್ಪು (ಸಿಗ್ನಲ್ ತಲೆಕೆಳಗಾಗಿದೆ) ಎಂದು ಬಂದರೆ ಮೊದಲು ತಂತಿಯ ಕೆಂಪು–ಕಪ್ಪು ನೋಡಿ. ಸರಿಯಿದ್ದೂ ಹಾಗೆ ಬಂದರೆ ನಿಮ್ಮ ಪ್ರೀಆಂಪ್ ಸಿಗ್ನಲ್ಲನ್ನು ತಲೆಕೆಳಗು ಮಾಡುವ ಜಾತಿಯದಿರಬಹುದು. ಕೆಲವು ವಾಲ್ವ್ ಪ್ರೀಆಂಪುಗಳು ಹಾಗಿರುತ್ತವೆ. ಎರಡೂ ಸ್ಪೀಕರುಗಳಲ್ಲಿ ಕೆಂಪು–ಕಪ್ಪು ಅದಲುಬದಲು ಮಾಡಿ. ಒಂದರಲ್ಲಿ ಮಾತ್ರ ಮಾಡಿದರೆ ಬಾಸ್ ಮಾಯವಾಗುತ್ತದೆ.

ಹಂತ 5: ಗುಂಯ್ ಎಂದರೆ

ಎರಡು ಉಪಕರಣ ಸೇರಿದ ಕೂಡಲೇ 50 ಅಥವಾ 100 ಹರ್ಟ್ಸಿನ ಸದ್ದು ಶುರುವಾದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ತ್ ದಾರಿಗಳ ನಡುವೆ ಸುತ್ತುವ ಕರೆಂಟು. ಮೊದಲು ಸೆಟ್‌ಟಾಪ್ ಬಾಕ್ಸಿನ ಡಿಶ್ ಅಥವಾ ಕೇಬಲ್ ತಂತಿ ಬಿಚ್ಚಿ ನೋಡಿ. ಬಹಳ ಮನೆಗಳಲ್ಲಿ ಅಲ್ಲಿಗೇ ಸದ್ದು ನಿಲ್ಲುತ್ತದೆ. ನಿಂತರೆ ಆ ತಂತಿಗೆ ಹೊಂದುವ ಐಸೊಲೇಟರ್ ಹಾಕಿಸಿ. ನಿಲ್ಲದಿದ್ದರೆ ರಿಸೀವರ್, ಪ್ರೀಆಂಪ್, ಪವರ್ ಆಂಪ್ ಮೂರನ್ನೂ ಗೋಡೆಯ ಒಂದೇ ಸಾಕೆಟ್ಟಿನಿಂದ ಓಡಿಸಿ. ಎಲ್‌ಪಿ ಹಾಕಿದಾಗ ಮಾತ್ರ ಸದ್ದು ಬರುತ್ತದೆಯೇ? ಟರ್ನ್‌ಟೇಬಲ್ಲಿನ ತೆಳು ಗ್ರೌಂಡ್ ತಂತಿ ಫೋನೊ ಸ್ಟೇಜಿನ (ಟರ್ನ್‌ಟೇಬಲ್ಲಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಭಾಗದ) ಸ್ಕ್ರೂನಿಂದ ಕಳಚಿರಬಹುದು. ಪ್ಲಗ್ಗಿನ ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವ ಎಲೆಕ್ಟ್ರಿಷಿಯನ್ ಸಿಕ್ಕರೆ ಕೈಮುಗಿದು ಕಳಿಸಿ. ಒಳಗೆ ಶಾರ್ಟ್ ಆದ ದಿನ ಲೋಹದ ಕ್ಯಾಬಿನೆಟ್ಟೇ ಶಾಕ್ ಹೊಡೆಯುತ್ತದೆ.

ಪವರ್ ಆಂಪಿನಲ್ಲಿ 12 ವೋಲ್ಟ್ ಟ್ರಿಗರ್ (ಇನ್ನೊಂದು ಉಪಕರಣ ಆನ್ ಆದಾಗ ತಾನೂ ಆನ್ ಆಗುವ ಸೌಲಭ್ಯ) ಇದ್ದರೆ ಅದರ ತಂತಿಯನ್ನು ಪ್ರೀಆಂಪಿನಿಂದ ಕೊಡಿ. ರಿಸೀವರಿನಿಂದ ಕೊಟ್ಟರೆ ಎಲ್‌ಪಿ ಕೇಳಲೂ ರಿಸೀವರ್ ಆನ್ ಮಾಡಬೇಕಾಗುತ್ತದೆ. ಟ್ರಿಗರ್ ಇಲ್ಲದಿದ್ದರೆ ಪವರ್ ಆಂಪನ್ನು ಎಲ್ಲಕ್ಕಿಂತ ಕೊನೆಗೆ ಆನ್ ಮಾಡಿ, ಎಲ್ಲಕ್ಕಿಂತ ಮೊದಲು ಆಫ್ ಮಾಡಿ.