ಕಲ್ಸಂಕದ ಜೆರಾಕ್ಸ್ ಅಂಗಡಿಯಲ್ಲಿ ಮೂರು ಡ್ರೈವರ್ ಬದಲಾಯಿಸಿದ್ದು

ಉಡುಪಿಯ ಕಲ್ಸಂಕದ ಹತ್ತಿರ ನನ್ನ ಭಾವನದ್ದೊಂದು ಜೆರಾಕ್ಸ್ ಅಂಗಡಿ ಇದೆ. ಆರ್‌ಟಿಸಿ, ಆಧಾರ್, ಕಾಲೇಜು ಮಕ್ಕಳ ಅಸೈನ್‌ಮೆಂಟ್, ಬ್ರಹ್ಮಕಲಶೋತ್ಸವದ ಆಮಂತ್ರಣದ ಕರಡು, ಎಲ್ಲ ಒಂದೇ ಕಂಪ್ಯೂಟರಿನಿಂದ ಪ್ರಿಂಟ್ ಆಗಬೇಕು. ಕಂಪ್ಯೂಟರ್ ಹಳೇದು, ಮೂರನೇ ತಲೆಮಾರಿನ ಐ5. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಬೇಕು. ಕೆಲಸ ಮಾಡುತ್ತಿರುವ ಯಂತ್ರವನ್ನು ಬಿಸಾಡಲು ಭಾವನಿಗೂ ಮನಸ್ಸಿಲ್ಲ, ನನಗೂ ಇಲ್ಲ. ಅದಕ್ಕೆ ವಿಂಡೋಸ್ ಬದಲು ಡೆಬಿಯನ್ 13 ಎಂಬ ಲಿನಕ್ಸ್ ಹಾಕಿದೆವು.

ಹಾಕುವಾಗಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಡ್ರೈವರ್ ಅಂದರೆ ಹಾರ್ಡ್‌ವೇರನ್ನು ಓಡಿಸುವ ತಂತ್ರಾಂಶ. ಕಂಪನಿಗಳು ಸೋರ್ಸ್ (ಮೂಲ ಕೋಡ್) ತೋರಿಸದೆ ಕೊಡುವ ಮುಚ್ಚಿದ ಡ್ರೈವರ್ ಯಾವುದೂ ಇದರಲ್ಲಿ ಇರಬಾರದು. ಸಿದ್ಧಾಂತ ಅಂತ ಅಲ್ಲ, ಸುಮ್ನೆ ಲೆಕ್ಕಾಚಾರ. ಹಳೇ ಹಾರ್ಡ್‌ವೇರಿನ ಡ್ರೈವರನ್ನು ಕಂಪನಿ ಯಾವತ್ತು ಬೇಕಾದರೂ ಕೈಬಿಡಬಹುದು, ಆಮೇಲೆ ಹೊಸ ಕರ್ನಲ್ (ಲಿನಕ್ಸಿನ ತಿರುಳು) ಬಂದಾಗ ಅದನ್ನು ಸರಿಮಾಡುವವರು ಯಾರೂ ಇರುವುದಿಲ್ಲ. ನಾನಿರುವುದು ಮಂಗಳೂರಿನಲ್ಲಿ. ಪ್ರತಿ ಅಪ್‌ಡೇಟಿಗೂ ಬಸ್ ಹತ್ತಿ ಉಡುಪಿಗೆ ಹೋಗಲು ಆಗುತ್ತದಾ?

ಮೊದಲು ಯಾವ ಹಾರ್ಡ್‌ವೇರ್ ಯಾವ ಡ್ರೈವರಿನಲ್ಲಿ ಓಡುತ್ತಿದೆ ಎಂದು ನೋಡಿದೆ. ಎಲ್‌ಎಸ್‌ಪಿಸಿಐ ಕಮಾಂಡಿಗೆ ಹೈಫನ್ ಕೆ ಸೇರಿಸಿ ಕೊಟ್ಟರೆ ಪ್ರತಿ ಕಾರ್ಡಿನ ಕೆಳಗೆ ಅದರ ಡ್ರೈವರಿನ ಹೆಸರು ಬರುತ್ತದೆ. ಯುಎಸ್‌ಬಿಯದ್ದಕ್ಕೆ ಎಲ್‌ಎಸ್‌ಯುಎಸ್‌ಬಿಗೆ ಹೈಫನ್ ಟಿ. ಬಾಕಿ ಎಲ್ಲ ಕರ್ನಲ್‌ನ ಸ್ವಂತ ಡ್ರೈವರಿನಲ್ಲೇ ಇತ್ತು. ತಲೆಬಿಸಿ ಇದ್ದದ್ದು ಮೂರಕ್ಕೆ: ಗ್ರಾಫಿಕ್ಸ್ ಕಾರ್ಡ್, ವೈಫೈ, ಪ್ರಿಂಟರ್.

ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾದ ಜಿಟಿ 710, ಕೆಪ್ಲರ್ ಎಂಬ ಹಳೇ ತಲೆಮಾರಿನದು. ಕೆಪ್ಲರ್‌ಗೆ ಕಂಪನಿಯ ಕೊನೆಯ ಡ್ರೈವರ್ ಸರಣಿ 470. ಇದಕ್ಕೆ ಬದಲಿ ನುವೋ ಎಂಬ ತೆರೆದ ಡ್ರೈವರ್, 2010ರಲ್ಲಿ 2.6.33 ಆವೃತ್ತಿಯಿಂದಲೇ ಕರ್ನಲ್ ಒಳಗೆ ಇರುವಂಥದ್ದು. ಹಾಗಾಗಿ ಹೊಸದಾಗಿ ಏನೂ ಹಾಕುವುದು ಬೇಡ. ಎನ್ವಿಡಿಯಾ ಪ್ಯಾಕೇಜುಗಳು ಮೊದಲೇ ಇದ್ದರೆ ಅವನ್ನು ಪರ್ಜ್ ಮಾಡಬೇಕು, ಅಂದರೆ ಸೆಟ್ಟಿಂಗ್ ಫೈಲುಗಳ ಸಮೇತ ಅಳಿಸಬೇಕು, ಬರೇ ರಿಮೂವ್ ಮಾಡಿದರೆ ಸಾಲದು. ಯಾಕೆಂದರೆ ನುವೋ ಲೋಡ್ ಆಗದಂತೆ ತಡೆಯುವ ಒಂದು ಫೈಲ್ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಉಳಿದುಬಿಡಬಹುದು. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲಿಗೆ ಲೋಡ್ ಆಗುವ ಫೈಲು) ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದರೆ ಮುಗಿಯಿತು.

ಒಂದು ವಿಷಯ ಗೊತ್ತಿರಲಿ. ಕೆಪ್ಲರ್ ಕಾರ್ಡನ್ನು ನುವೋ ತಾನಾಗಿ ಪೂರ್ತಿ ವೇಗಕ್ಕೆ ಏರಿಸುವುದಿಲ್ಲ, ಬೂಟ್ ಆದ ಕಡಿಮೆ ವೇಗದಲ್ಲೇ ಇಡುತ್ತದೆ. ಡಿಬಗ್‌ಎಫ್‌ಎಸ್ ಎಂಬ ಕರ್ನಲ್‌ನ ಫೋಲ್ಡರ್ ಒಳಗಿನ ಪಿಸ್ಟೇಟ್ ಎಂಬ ಫೈಲಿಗೆ ನಾವೇ ಮಟ್ಟವನ್ನು ಬರೆದರೆ ವೇಗ ಏರುತ್ತದೆ. ಇದಕ್ಕಿಂತ ನಂತರ ಬಂದ ಎರಡನೇ ತಲೆಮಾರಿನ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಕಾರ್ಡುಗಳಲ್ಲಿ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ (ಕಾರ್ಡಿನ ಒಳಗೇ ಓಡುವ ತಂತ್ರಾಂಶ) ಬೇಕಾಗುವುದರಿಂದ ಇಷ್ಟೂ ಆಗುವುದಿಲ್ಲ. ಆ ಲೆಕ್ಕದಲ್ಲಿ ಹಳೇ ಕಾರ್ಡೇ ವಾಸಿ! ನಾನಂತೂ ಪಿಸ್ಟೇಟ್ ಮುಟ್ಟಲಿಲ್ಲ. ಪಿಡಿಎಫ್ ತೆರೆಯಲು, ಸರ್ಕಾರಿ ಪೋರ್ಟಲಿನ ಫಾರ್ಮ್ ತುಂಬಲು ಇದ್ದ ವೇಗ ಧಾರಾಳ.

ವೈಫೈ ಕಥೆ ಬೇರೆ. ಕಂಪ್ಯೂಟರಿನಲ್ಲಿದ್ದ ಕಾರ್ಡಿನ ಕಂಪನಿ ಯಾವುದು ಅಂತ ಹೇಳುವುದು ಬೇಡ, ಅದರ ಡ್ರೈವರ್ ಮುಚ್ಚಿದ್ದು, ಪ್ರತಿ ಕರ್ನಲ್ ಅಪ್‌ಡೇಟಿಗೂ ಹೊಸದಾಗಿ ಕಂಪೈಲ್ ಆಗಬೇಕಾದದ್ದು, ಅಂದರೆ ಕೋಡಿನಿಂದ ಓಡುವ ರೂಪಕ್ಕೆ ಬರಬೇಕಾದದ್ದು. ಅದಕ್ಕೆ ಬದಲಿ ಡ್ರೈವರ್ ಹುಡುಕುತ್ತಾ ಕೂರುವ ಬದಲು ಕಾರ್ಡನ್ನೇ ಕಿತ್ತು ತೆಗೆದೆ. ಅಥೆರೋಸ್‌ನ ಎಆರ್9271 ಚಿಪ್ ಇರುವ ಯುಎಸ್‌ಬಿ ಡಾಂಗಲ್ ಹಾಕಿದರೆ ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರಿನ ಸೋರ್ಸ್ ಕೂಡ 2013ರಿಂದ ತೆರೆದಿದೆ. ಫರ್ಮ್‌ವೇರ್ ತನಕ ತೆರೆದಿರುವ ವೈಫೈ ಸಿಗುವುದು ಬಹಳ ಅಪರೂಪ. 2.4 ಗಿಗಾಹರ್ಟ್ಸ್ ಮಾತ್ರ, ವೇಗ 150 ಎಂಬಿಪಿಎಸ್ ವರೆಗೆ, ಅಂಗಡಿಗೆ ಅಷ್ಟು ಸಾಕು. ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ರಿಪೇರಿ ಅಂಗಡಿಯ ಹಳೇ ಸಾಮಾನಿನ ಡಬ್ಬದಲ್ಲಿ ಸಿಕ್ಕಿತು. ನೀವು ತೆಗೆದುಕೊಳ್ಳುವುದಾದರೆ ಡಬ್ಬದ ಮೇಲಿನ ಹೆಸರಿಗಿಂತ ಚಿಪ್ ನೋಡಿ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಮೊದಲ ಆವೃತ್ತಿಯಲ್ಲಿ ಈ ಚಿಪ್ ಇದೆ, ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್‌ನದ್ದು.

ಈಗ ಪ್ರಿಂಟರ್. ಕ್ಯಾನನ್ ಎಲ್‌ಬಿಪಿ 2900, ನಮ್ಮ ಕಡೆ ಜೆರಾಕ್ಸ್ ಅಂಗಡಿ, ಬ್ಯಾಂಕು, ಸೊಸೈಟಿ ಎಲ್ಲಿ ಹೋದರೂ ಕಾಣುತ್ತದೆ. ನಿಮಿಷಕ್ಕೆ 12 ಪುಟ, 600 ಡಿಪಿಐ, ರೀಫಿಲ್ ಮಾಡುವವರು ಬೀದಿಗೊಬ್ಬರು. ಇದನ್ನು ಬಿಡುವ ಪ್ರಶ್ನೆಯೇ ಇಲ್ಲ.

ಈ ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆ ಯಾವುದೂ ಬರುವುದಿಲ್ಲ. ಮೆಮೊರಿ ಇರುವುದೇ 2 ಎಂಬಿ. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸ ಪೂರ್ತಿ ಕಂಪ್ಯೂಟರೇ ಮಾಡಿ, ಅದನ್ನು ಕುಗ್ಗಿಸಿ, ಕ್ಯಾಪ್ಟ್ ಎಂಬ ಕ್ಯಾನನ್‌ನದ್ದೇ ಆದ ಭಾಷೆಯಲ್ಲಿ ಕಳಿಸಬೇಕು. ಆ ಭಾಷೆ ಗೊತ್ತಿಲ್ಲದ ಡ್ರೈವರಿಗೆ ಈ ಪ್ರಿಂಟರ್ ಬರೇ ಪೆಟ್ಟಿಗೆ. ಲಿನಕ್ಸಿಗೆ ಕಂಪನಿಯ ಡ್ರೈವರ್ ಇದೆ, ಆದರೆ ಅದರ 64 ಬಿಟ್ ಪ್ಯಾಕೇಜಿಗೂ ಕೆಲವು 32 ಬಿಟ್ ಲೈಬ್ರರಿ ಬೇಕು, ಹಿಂದೆ ಸಿಸಿಪಿಡಿ ಎಂಬ ಸರ್ವಿಸ್ ಯಾವಾಗಲೂ ಓಡುತ್ತಿರಬೇಕು. ಡೆಬಿಯನ್ 13 ಬಂದ ಮೇಲೆ 32 ಬಿಟ್ ಇಂಟೆಲ್‌ಗೆ ಇನ್‌ಸ್ಟಾಲರ್ ಕೂಡ ಇಲ್ಲ. ಇನ್ನು ಅದನ್ನು ನೆಚ್ಚಿಕೊಂಡು ಎಷ್ಟು ದಿನ?

ಬದಲಿಯ ಹೆಸರು ಕ್ಯಾಪ್ಟ್‌ಡ್ರೈವರ್. ಪ್ರಿಂಟರಿಗೂ ಕಂಪ್ಯೂಟರಿಗೂ ನಡುವೆ ಏನು ಮಾತುಕತೆ ನಡೆಯುತ್ತದೆ ಎಂದು ಹೊರಗಿನಿಂದ ಗಮನಿಸಿ, ಆ ಭಾಷೆಯನ್ನು ಬಿಡಿಸಿ ಬರೆದದ್ದು. ಗೊತ್ತಾದದ್ದನ್ನು ಸೋರ್ಸ್ ಜೊತೆಗೇ ಬರೆದಿಟ್ಟಿದ್ದಾರೆ. ನನಗೆ ಡ್ರೈವರಿಗಿಂತ ಅದನ್ನು ಓದುವುದೇ ಜಾಸ್ತಿ ಖುಷಿ ಕೊಟ್ಟಿತು.

ಮೊದಲು ಹಳೇದನ್ನು ಗುಡಿಸಬೇಕು. ಸಿಸಿಪಿಡಿ ನಿಲ್ಲಿಸಿ ಪ್ಯಾಕೇಜ್ ತೆಗೆಯಿರಿ, ಕಪ್ಸ್‌ನಲ್ಲಿ (ಲಿನಕ್ಸಿನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ತಂತ್ರಾಂಶ) ಸಿಸಿಪಿ ಎಂದು ಶುರುವಾಗುವ ವಿಳಾಸದ ಪ್ರಿಂಟರನ್ನು ಅಳಿಸಿ. ಇಲ್ಲದಿದ್ದರೆ ಒಂದೇ ಯುಎಸ್‌ಬಿ ಪೋರ್ಟಿಗೆ ಇಬ್ಬರು ಕೈ ಹಾಕಿದ ಹಾಗೆ ಆಗುತ್ತದೆ. ಆಮೇಲೆ ಕಂಪೈಲರ್, ಆಟೋಟೂಲ್ಸ್, ಕಪ್ಸ್‌ನ ಡೆವಲಪ್‌ಮೆಂಟ್ ಫೈಲುಗಳನ್ನು ಹಾಕಿ ಸೋರ್ಸನ್ನು ಕಾನ್ಫಿಗರ್ ಮಾಡಿ ಮೇಕ್ ಕೊಟ್ಟರೆ ರಾಸ್ಟರ್‌ಟುಕ್ಯಾಪ್ಟ್ ಎಂಬ ಒಂದು ಚಿಕ್ಕ ಫಿಲ್ಟರ್ ತಯಾರಾಗುತ್ತದೆ. ಅಷ್ಟೇ, ಡ್ರೈವರ್ ಅಂದರೆ ಅದೇ. ಅದನ್ನು ಕಪ್ಸ್‌ನ ಫಿಲ್ಟರ್ ಫೋಲ್ಡರಿಗೆ ಹಾಕಬೇಕು. ಫೈಲಿನ ಮಾಲೀಕ ರೂಟ್ (ಕಂಪ್ಯೂಟರಿನ ಮುಖ್ಯ ಬಳಕೆದಾರ) ಆಗಿರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಬಾರದು. ಇದ್ದರೆ ಸುರಕ್ಷಿತ ಅಲ್ಲ ಎಂದು ಕಪ್ಸ್ ಅದನ್ನು ಓಡಿಸುವುದೇ ಇಲ್ಲ. ಪ್ರಿಂಟ್ ಕೊಟ್ಟ ಕೂಡಲೇ ಕೆಲಸ ನಿಂತುಹೋದರೆ ಮೊದಲು ಇದನ್ನೇ ನೋಡಿ, ಕಪ್ಸ್‌ನ ಎರರ್ ಲಾಗಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 631 ತೆರೆದು ಹೊಸ ಪ್ರಿಂಟರ್ ಸೇರಿಸುವಾಗ ಯುಎಸ್‌ಬಿ ಎಂದು ಶುರುವಾಗುವ ವಿಳಾಸವನ್ನೇ ಆರಿಸಬೇಕು. ಈ ಡ್ರೈವರ್ ಬರೇ ಕಳಿಸುವುದಲ್ಲ, ಕಾಗದ ಇದೆಯಾ, ಪುಟ ಹೊರಗೆ ಬಂತಾ ಎಂದು ಪ್ರಿಂಟರಿನಿಂದ ಉತ್ತರವನ್ನೂ ಓದುತ್ತದೆ. ಆ ಉತ್ತರ ಬರುವುದು ಕಪ್ಸ್‌ನ ಯುಎಸ್‌ಬಿ ದಾರಿಯಲ್ಲಿ. ಪ್ರಿಂಟರಿನ ವಿವರ ಇರುವ ಪಿಪಿಡಿ ಫೈಲ್ ಕೊಟ್ಟ ಮೇಲೆ ಪುಟದ ಅಳತೆ ಎ4 ಇದೆಯಾ ನೋಡಿ. ಲೆಟರ್ ಅಂತ ಇದ್ದರೆ ಆರ್‌ಟಿಸಿಯ ಕೆಳಗಿನ ಸಾಲು ಕತ್ತರಿಸಿ ಹೋಗುತ್ತದೆ, ಗಿರಾಕಿ ಸುಮ್ನೆ ಬಿಡುತ್ತಾರಾ?

ಭಾವನಿಗೆ ಇದ್ದದ್ದು ಒಂದೇ ಸಂಶಯ. “ಎಲ್ಲ ಸರಿ ಮಾರಾಯ, ಕನ್ನಡದ ಒತ್ತಕ್ಷರ ಸರಿ ಬರ್ತದಾ?”

ಬರುತ್ತದೆ. ಒತ್ತು, ಅರ್ಕಾವತ್ತು ಜೋಡಿಸುವ ಕೆಲಸ ಡ್ರೈವರಿಗೆ ಬರುವ ಮೊದಲೇ, ಹಾರ್ಫ್‌ಬಝ್ ಎಂಬ ಲೈಬ್ರರಿಯಲ್ಲಿ ಮುಗಿದಿರುತ್ತದೆ. ಪ್ರಿಂಟರಿಗೆ ಹೋಗುವುದು ಬರೇ ಚುಕ್ಕಿ. ಅಕ್ಷರ ಒಡೆದರೆ ಫಾಂಟ್ ನೋಡಬೇಕು, ಪ್ರಿಂಟರನ್ನಲ್ಲ. ಬಾಯಲ್ಲಿ ಹೇಳಿದರೆ ಭಾವ ಒಪ್ಪುವವರಲ್ಲ. ಅದಕ್ಕೆ ಡೆಬಿಯನ್‌ನಲ್ಲೇ ಸಿಗುವ ಗುಬ್ಬಿ, ನವಿಲು ಫಾಂಟುಗಳನ್ನು ಹಾಕಿ, ‘ಕಾರ್ಕಳ, ರಾಷ್ಟ್ರ, ಸ್ತ್ರೀ, ಬ್ರಹ್ಮಕಲಶೋತ್ಸವ’ ಎಂದು ದೊಡ್ಡಕ್ಕೆ, ಸಣ್ಣಕ್ಕೆ ಟೈಪ್ ಮಾಡಿ ಒಂದು ಪುಟ ತೆಗೆದುಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ನೋಡಿದರು. “ಹ್ಞಾಂ, ಅಡ್ಡಿಲ್ಲ” ಅಂದರು.

ನಡುವೆ ಕಾಗದ ಮುಗಿದರೆ ಟ್ರೇಗೆ ಹಾಕಿ ಪ್ರಿಂಟರಿನ ಮುಂದಿನ ಗುಂಡಿ ಒತ್ತಬೇಕು, ಪರದೆಯ ಮೇಲೆ ಸಂದೇಶದ ಕಿಟಕಿ ತೆರೆಯುವುದಿಲ್ಲ. ಅಂಗಡಿಯ ಹುಡುಗನಿಗೆ ಅದೊಂದು ಹೇಳಿಕೊಟ್ಟೆ. ಮತ್ತೆ, ಆಟಿ ತಿಂಗಳ ಮಳೆಗೆ ಕಾಗದ ತೇವ ಹಿಡಿದು ಎರಡೆರಡು ಹಾಳೆ ಒಟ್ಟಿಗೆ ಎಳೆಯುವುದು ಉಂಟಲ್ಲ, ಅದಕ್ಕೆ ಯಾವ ಡ್ರೈವರಿನಲ್ಲೂ ಮದ್ದಿಲ್ಲ. ಹೊಸ ಡ್ರೈವರ್ ಪರೀಕ್ಷೆ ಮಾಡುವಾಗ ಆಗ ತಾನೇ ಬಿಚ್ಚಿದ ರೀಮ್ ಬಳಸಿ, ಇಲ್ಲದಿದ್ದರೆ ಕಾಗದದ ತಪ್ಪನ್ನು ಲಾಗಿನಲ್ಲಿ ಹುಡುಕುತ್ತಾ ಕೂರುತ್ತೀರಿ.

ಫಿಲ್ಟರ್ ಕರ್ನಲ್ ಒಳಗೆ ಇಲ್ಲದ್ದರಿಂದ ಕರ್ನಲ್ ಎಷ್ಟು ಸಲ ಬದಲಾದರೂ ಮತ್ತೆ ಕಂಪೈಲ್ ಮಾಡಬೇಕಾಗಿಲ್ಲ. ಸೋರ್ಸ್, ಪಿಪಿಡಿ ಎರಡನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಭಾವನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮುಂದೆ ತಲೆಬಿಸಿ ಬರುವುದಿದ್ದರೆ ಕಪ್ಸ್ 3ರಲ್ಲಿ. ಅದರಲ್ಲಿ ಪಿಪಿಡಿ ನಂಬಿದ ಡ್ರೈವರುಗಳಿಗೆ ಜಾಗ ಇಲ್ಲ, ಪ್ರಿಂಟರ್ ಅಪ್ಲಿಕೇಶನ್ ಎಂಬ ಬೇರೆ ರೂಪಕ್ಕೆ ಹೋಗಬೇಕು. ಡೆಬಿಯನ್ 13ರಲ್ಲಿ ಇರುವುದು ಕಪ್ಸ್ 2.4, ಸದ್ಯಕ್ಕೆ ಅವಸರ ಇಲ್ಲ. ಆ ಹೊತ್ತಿಗೆ ಯಾರಾದರೂ ಮಾಡಿದ್ದರೆ ಸರಿ, ಇಲ್ಲದಿದ್ದರೆ ಸೋರ್ಸ್ ಕೈಯಲ್ಲೇ ಉಂಟು, ನಾನೇ ಕೂತು ನೋಡುವ ಅಂತ.